ನಿಲ್ಲುವ ಲಾರಿ

ಮೂಡಿಗೆರೆಯ ಬಸ್ಸು ನಿಲ್ಲುವ ಜಾಗದ ಹಿಂದೆ ಒಂದು ಇಳಿಜಾರಿತ್ತು. ಆ ಬೆಳಿಗ್ಗೆ ಅಲ್ಲಿದ್ದವರು ನಾಲ್ಕೇ ಜನ: ಎರಡು ಹಳೆಯ ಲಾರಿಗಳನ್ನು ಮಾರಲು ತಂದಿದ್ದ ಸಾಹುಕಾರರು, ಮರ ಹತ್ತುವ ತಿಮ್ಮ, ಸಂಸೆ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನಾನು ಮತ್ತು ನನ್ನ ಸೋದರಮಾವ. ಲಾರಿ ಎಷ್ಟು ಚೆನ್ನಾಗಿ ಓಡುತ್ತದೆಂದು ನೋಡಿ ಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಎಷ್ಟು ಚೆನ್ನಾಗಿ ನಿಲ್ಲುತ್ತದೆಂದು ನೋಡಿ ಕೊಂಡವರು ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ!

ಮಾವನದು ಮರಗಸಿಯ ಕಂತ್ರಾಟು. ಕಾಫಿ ಗಿಡಕ್ಕೆ ನೆರಳು ಹೆಚ್ಚಾದಲ್ಲಿ ಮರದ ಕೊಂಬೆ ಸವರುವುದು, ಮನೆಯ ಮೇಲೋ ಕಣದ ಮೇಲೋ ವಾಲಿದ ಮರವನ್ನು ಯಾರ ತಲೆಗೂ ಬೀಳದಂತೆ ಇಳಿಸುವುದು, ಇದೇ ಅವರ ಕಸುಬು. ಅದಕ್ಕೊಂದು ಲಾರಿ ಬೇಕಾಗಿತ್ತು. ಯುದ್ಧದ ಕಾಲ, ಪೆಟ್ರೋಲು ಚೀಟಿ ಇದ್ದವರಿಗೆ ಮಾತ್ರ. ಸಾಹುಕಾರರ ಲಾರಿಗಳಲ್ಲಿ ಒಂದು ಹೊಸ ಬಣ್ಣ ಬಳಿದುಕೊಂಡ ಪೆಟ್ರೋಲಿನದು. ಇನ್ನೊಂದು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಹೊಗೆಯಲ್ಲೇ ಕೆಮ್ಮುತ್ತ ಓಡುವ ಭಾರದ ಮುದಿ ಗಾಡಿ. ಒಂದು ಸುತ್ತು ಓಡಿಸಿ ತೋರಿಸುತ್ತೇನೆಂದು ಸಾಹುಕಾರರು ಹೊರಟರೆ, ಮಾವ ಬೇಡವೆಂದರು. ಎರಡನ್ನೂ ಇಳಿಜಾರಿನಲ್ಲಿ ನಿಲ್ಲಿಸಿ ಬ್ರೇಕು ಹಾಕಿಸಿದರು. ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಗಾಲಿ ನೆಲ ಮುಟ್ಟುವಲ್ಲಿ ಒಂದೊಂದು ಗೆರೆ ಎಳೆದರು. ಎದುರಿಗೆ ಕುಕ್ಕುರುಗಾಲಲ್ಲಿ ಕೂತರು. ಒಂದು ಗಂಟೆಯಾಯಿತು, ಎರಡಾಯಿತು.

"ಏನ್ ನೋಡ್ತಿದ್ದೀರಿ ಗೌಡ್ರೆ?" ಎಂದರು ಸಾಹುಕಾರರು, ತಾಳ್ಮೆ ಮುಗಿದು.

"ನಿಂತಿದೆಯಲ್ಲ, ಅದನ್ನ."

ಮಧ್ಯಾಹ್ನದ ಹೊತ್ತಿಗೆ ಬಣ್ಣದ ಲಾರಿ ಗೆರೆಯಿಂದ ಎರಡು ಬೆರಳು ಜಾರಿತ್ತು. ಮುದಿ ಲಾರಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ವ್ಯಾಪಾರ ಮುಗಿಯಿತು!

ಇದು ಅಂದು ಹುಟ್ಟಿದ ಹುಚ್ಚಲ್ಲ. ಅದಕ್ಕೂ ಮೊದಲು ದಿಮ್ಮಿ ಎಳೆಯಲು ಅವರು ಆರಿಸಿದ್ದು, ನಡುದಾರಿಯಲ್ಲಿ ಮಲಗಿಬಿಡುತ್ತವೆಂದು ಊರೆಲ್ಲ ಬಿಟ್ಟಿದ್ದ ಒಂದು ಜೊತೆ ಕೋಣಗಳನ್ನು. ಅವು ನಮ್ಮ ಕೊಟ್ಟಿಗೆ ಸೇರಲು ಎರಡು ದಿನ ಹಿಡಿಯಿತು. "ಎಳೆಯೋದನ್ನ ಯಾರು ಬೇಕಾದ್ರೂ ಕೊಡ್ತಾರೆ ಮಾರಾಯ, ಮರದ ಕೆಲ್ಸಕ್ಕೆ ತಡೆಯೋದು ಬೇಕು" ಎಂಬುದು ಅವರ ಸಿದ್ಧಾಂತ. ಇನ್ನು ಸರಪಳಿ ಕೊಂಡ ವೈಭವ! ಅಂಗಡಿಯ ತೊಲೆಗೆ ಅದನ್ನು ತೂಗುಹಾಕಿಸಿ, ಬೀಗದ ಕೈಯಿಂದ ಒಂದೊಂದೇ ಕೊಂಡಿಯನ್ನು ತಟ್ಟಿ, ಕಿವಿಗೊಟ್ಟು ಕೇಳಿದರು. ಬಿರುಕಿದ್ದರೆ ಸದ್ದು ಮಂಕಂತೆ. ಮೂರನೆಯ ಸರಪಳಿಗೆ ಬರುವಷ್ಟರಲ್ಲಿ ಅಂಗಡಿಯವನು, ಇದನ್ನು ಸಂಗೀತ ಕಚೇರಿಗೆ ಪಕ್ಕವಾದ್ಯವಾಗಿ ಒಯ್ಯುತ್ತೀರಾ ಎಂದು ಕೇಳಿದ.

ನಾವು ನಕ್ಕದ್ದು ಆ ಮಳೆಗಾಲ ಹಿಡಿಯುವವರೆಗೆ.

ನಮ್ಮ ತೋಟದ ಕೂಲಿಗಳ ಸಾಲುಮನೆಯ ಲೈನಿನಲ್ಲಿ ತಿಮ್ಮನ ಮನೆ ಕಡೆಯದು. ಅದರ ಹಿಂದೆ ಒಂದು ದೊಡ್ಡ ಅತ್ತಿಮರ. ಒಂದು ರಾತ್ರಿಯ ಗಾಳಿಗೆ ಅದು ಕವೆಯಲ್ಲಿ ಸೀಳಿ, ಅರ್ಧ ಮರ ತಿಮ್ಮನ ಹೆಂಚಿನ ಮಾಡಿನ ಮೇಲೆ ವಾಲಿ ನಿಂತಿತು. ಬೆಳಿಗ್ಗೆ ಆ ಸೀಳಿನಲ್ಲಿ ಬೆರಳು ಹೋಗುತ್ತಿತ್ತು, ಮಧ್ಯಾಹ್ನಕ್ಕೆ ಅಂಗೈ ಹೋಯಿತು. ಮನೆಯೊಳಗೆ ತಿಮ್ಮನ ಮಗಳು ಹೆತ್ತು ನಾಲ್ಕು ದಿನವಾಗಿತ್ತು.

ಅವಳನ್ನು ಬೇರೆ ಮನೆಗೆ ಸಾಗಿಸೋಣವೆಂದು ನಾನು ಎರಡು ಛತ್ರಿ, ಒಂದು ಕಂಬಳಿ ಹಿಡಿದು ಹೋದೆ. ತಿಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಹನ್ನೊಂದು ದಿನ ತುಂಬದೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ನಾನು ವಾದಿಸಿದೆ. ಅವಳು ಮೆಲ್ಲಗೆ, "ದೊಡ್ಡ ಮಗಳು ಹೆತ್ತಾಗ ಹಿಂಗೇ ಮಳೇಲಿ ಸಾಗಿಸಿದ್ವಿ ರೈಟರೇ. ನಂಜೇರಿ ಮೂರೇ ದಿನಕ್ಕೆ ಹೋದ್ಲು" ಎಂದಳು. ಛತ್ರಿ ಮಡಚಿಕೊಂಡು ಬಂದೆ.

ಉಳಿದದ್ದು ಒಂದೇ ದಾರಿ. ವಾಲಿದ ಭಾಗಕ್ಕೆ ಸರಪಳಿ ಬಿಗಿದು, ಅದನ್ನು ಪಕ್ಕದ ಗಟ್ಟಿ ನಂದಿಮರಕ್ಕೆ ಕಟ್ಟಿದ ರಾಟೆಯ ಮೇಲೆ ಹಾಯಿಸಿ, ಮೇಲಿನ ದಿಬ್ಬದಲ್ಲಿ ನಿಂತ ಲಾರಿಗೆ ಕಟ್ಟುವುದು. ತಿಮ್ಮ ಮರವೇರಿ ಕೊಯ್ಯಬೇಕು. ಕೊಯ್ದ ಕ್ಷಣದಲ್ಲಿ ಅಷ್ಟೂ ಭಾರವನ್ನು ಲಾರಿ ತಡೆಯಬೇಕು. ಆಮೇಲೆ ಲಾರಿಯನ್ನು ಗೇಣು ಗೇಣಾಗಿ ಹಿಂದೆ ಬಿಡುತ್ತ ಮರವನ್ನು ಮನೆಯ ಪಕ್ಕದ ಬಯಲಿಗೆ ಇಳಿಸಬೇಕು. ಲಾರಿ ಜಾರಿದರೆ ಮರ ಮಾಡಿನ ಮೇಲೆಯೇ. ಡ್ರೈವರ್ ಬ್ರೇಕು ತುಳಿದು ಕೂತ. ಹಿಂದಿನ ಗಾಲಿಗೆ ಕಲ್ಲು ಕೊಡುವ ಕೆಲಸ ನನ್ನದು.

ತಿಮ್ಮ ಏರಿದ, ಗರಗಸ ಇಟ್ಟ. ಆದರೆ ಎಳೆಯಲಿಲ್ಲ.

"ಕೈ ಬರ್ತಿಲ್ಲ ಗೌಡ್ರೆ."

"ಲಾರಿ ನಿಲ್ತದೆ ಕಣೋ."

"ಒಳಗಿರೋದು ನನ್ ಮಗಳು."

ಮಾವ ಮೆಟ್ಟು ಬಿಟ್ಟು, ಅಂಗಳ ದಾಟಿ ಹೋಗಿ, ಹೆರಿಗೆಯ ಮೈಲಿಗೆಯೆಂದು ಬೇರೆಯವರಾರೂ ಹತ್ತಿರ ಸುಳಿಯದ ಆ ಪುರುಡಿನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ನೇರ ಮರದ ಕೆಳಗೆ ಕೂತುಬಿಟ್ಟರು.

"ನಾನೂ ಇಲ್ಲೇ ಇದ್ದೀನಿ. ಈಗ ಕೊಯ್ಯಿ."

ಗರಗಸ ಆಡತೊಡಗಿತು. ಸರಪಳಿ ಸೆಟೆದು ಅದರ ಮೇಲಿನ ನೀರೆಲ್ಲ ಒಮ್ಮೆಗೇ ಉದುರಿತು. ಲಾರಿ ನರಳಿತು. ನಾನಿಟ್ಟ ಕಲ್ಲು ಕೆಸರಿನೊಳಗೆ ಇಳಿಯುತ್ತಿತ್ತು. ಇನ್ನೊಂದನ್ನು ಒತ್ತಿದೆ, ಅದೂ ಇಳಿಯಿತು. ಲಾರಿ ಒಂದು ಗೇಣು ಹಿಂದೆ ಬಂತು. ಮಾವನತ್ತ ನೋಡಿದೆ. ಆ ಪುಣ್ಯಾತ್ಮರು ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ, ಮಗುವಿನ ಮೂಗು ಯಾರ ಕಡೆಯದು ತಾಯಿ ಎಂದು ವಿಚಾರಿಸುತ್ತಿದ್ದಾರೆ! ಒಳಗಿನಿಂದ ಏನೋ ಉತ್ತರ ಬಂತು. ಅಷ್ಟರಲ್ಲಿ ಲಟಲಟನೆ ಮರ ಕಡಿದುಕೊಂಡಿತು, ತೂಗಿತು, ಮಾಡಿನ ಮೂಲೆ ಸವರಿತು. ಮೂರು ಹೆಂಚು ಮಾವನ ಪಕ್ಕದಲ್ಲೇ ಬಿದ್ದು ಒಡೆದವು.

ಲಾರಿ ನಿಂತಿತು.

ಮರ ನೆಲ ಮುಟ್ಟುವಾಗ ಸಂಜೆಯಾಗಿತ್ತು. ಮಾವ ಎದ್ದು ನನ್ನ ಹತ್ತಿರ ಬಂದರು. ಎಲೆಗೆ ಸುಣ್ಣ ಹಚ್ಚಲು ಹೋದವರು ಅರ್ಧವನ್ನು ಪಂಚೆಗೆ ಹಚ್ಚಿಕೊಂಡರು.

"ಮೂಡಿಗೆರೇಲಿ ನೋಡಿದ್ದು ಒಣ ನೆಲದಲ್ಲಿ ಮಾರಾಯ" ಎಂದರು. "ಕೆಸರಲ್ಲಿ ನಿಲ್ತದೋ ಇಲ್ವೋ, ನಂಗೂ ಗೊತ್ತಿರ್ಲಿಲ್ಲ."

ಇದನ್ನು ತಿಮ್ಮನಿಗೆ ಹೇಳಬೇಡವೆಂದರು. ನಾನು ಹೇಳಲಿಲ್ಲ.

ಹನ್ನೊಂದು ದಿನ ತುಂಬಿದ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಮಾವ ಒಡೆದ ಹೆಂಚುಗಳ ಬದಲಿಗೆ ಹೊಸ ಹೆಂಚು ಹೊರಿಸಿಕೊಂಡು ಲೈನಿಗೆ ಬಂದಿದ್ದರು. ತಿಮ್ಮನ ಮಗಳು ಹೊಸ್ತಿಲು ದಾಟಿ ಹೊರಗೆ ಬಂದು ಮಗುವನ್ನು ಅವರ ಕೈಗೆ ಕೊಟ್ಟಳು. ಮಾವನಿಗೆ ಹಿಡಿಯಲು ಬರಲಿಲ್ಲ. ತಿಮ್ಮನ ಹೆಂಡತಿ ಅವರ ಕೈಯನ್ನು ಮಗುವಿನ ಕುತ್ತಿಗೆಯ ಕೆಳಗೆ ಸರಿಪಡಿಸಿ, "ಹಿಂಗೆ ಹಿಡ್ಕಳಿ" ಎಂದಳು. ಮಾವ ಹಾಗೆಯೇ ಹಿಡಿದುಕೊಂಡರು.