ಲ್ಯಾಪ್‌ಟಾಪಿಗೊಂದು ಪಾರ್ಟಿಷನ್

ಶಿಸ್ತಿನ ಮನುಷ್ಯನ ಮನೆಯಲ್ಲಿ ಗಲಾಟೆ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ತಪ್ಪು. ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಕದ್ದ ಸಾಫ್ಟ್‌ವೇರ್ ಮುಟ್ಟದೆ ಗೋಪಾಳ ಬಡಾವಣೆಯಲ್ಲಿ ಸಂಸಾರ ಮಾಡಿದವನು ನಾನು. ಗಲಾಟೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಲ್ಯಾಪ್‌ಟಾಪಿಗೆ ಎರಡನೇ ಆಪರೇಟಿಂಗ್ ಸಿಸ್ಟಂ ಹಾಕಲು ಹೊರಟಾಗ ಒಂದೇ ವಾರದಲ್ಲಿ ಇಷ್ಟು ನಡೆಯಿತು.

ಅಂಗಡಿಯಲ್ಲಿ

ವಿಂಡೋಸ್ ಲ್ಯಾಪ್‌ಟಾಪಿನ ಜೊತೆಗೇ ಬಂದಿತ್ತು. ಸೋಮವಾರದಿಂದ ಹುಡುಗರಿಗೆ ಲಿನಕ್ಸ್ ಕಲಿಸಬೇಕಿತ್ತು. ಅದರ ಸಿ.ಡಿ. ಕೇಳಲು ಹೋದೆ.

“ಇದು ಕಾಪಿ ತಾನೆ?” ಎಂದೆ.

“ಸಾರ್, ಇದನ್ನ ಯಾರು ಬೇಕಾದ್ರೂ ಕಾಪಿ ಮಾಡಬಹುದು. ಲೈಸೆನ್ಸೇ ಹಾಗಿದೆ.”

“ಎಲ್ಲಿದೆ, ತೋರಿಸಿ.”

ಅಂಗಡಿಯವರು ತಮ್ಮ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ನಿಂತೇ ಕೊನೆಯ ಸಾಲಿನವರೆಗೂ ಓದಿದೆ. ನನ್ನ ಹಿಂದೆ ಆರು ಜನ ಗಿರಾಕಿಗಳು ಸೇರಿದ್ದರು. ಅಂಗಡಿಯವರು ಕೈಮುಗಿದುಬಿಟ್ಟರು.

“ಎಷ್ಟೋ ವರ್ಷದಿಂದ ಅಂಗಡಿ ಇಟ್ಟಿದೀನಿ ಸಾರ್. ‘ಐ ಅಗ್ರೀ’ ಒತ್ತೋಕೆ ಮುಂಚೆ ಓದಿದೋರನ್ನ ಇವತ್ತೇ ನೋಡಿದ್ದು.”

ಹೆಂಡತಿಯ ಮುಂದೆ

ಭದ್ರಾವತಿಯ ಕಾರ್ಖಾನೆಯಲ್ಲಿದ್ದ ನನ್ನ ಅಣ್ಣನ ಮಗಳ ಮದುವೆಗೆ ತಿಂಗಳೂ ಉಳಿದಿರಲಿಲ್ಲ. ಕರೆಯಬೇಕಾದ ಆರುನೂರು ಜನರ ಹೆಸರು, ವಿಳಾಸಗಳನ್ನು ಅಣ್ಣ ಹೇಳಿದಂತೆ ನನ್ನ ಹೆಂಡತಿ ಎರಡು ಭಾನುವಾರ ಕೂತು ಇದೇ ಲ್ಯಾಪ್‌ಟಾಪಿಗೆ ಟೈಪ್ ಮಾಡಿದ್ದಳು. ಬೇರೆ ಪ್ರತಿ ಇರಲಿಲ್ಲ.

“ಒಬ್ಬರ ಹೆಸರು ಅಳಿಸಿಹೋಗಿ ಅವರು ಮುನಿಸಿಕೊಂಡ್ರೆ, ಕಾಲು ಹಿಡಿಯೋಕೆ ನೀವೇ ಹೋಗ್ಬೇಕು,” ಎಂದಳು.

“ಡಿಸ್ಕನ್ನ ಎರಡು ಭಾಗ ಮಾಡ್ತೀನಿ. ಪಟ್ಟಿ ಇರೋ ಭಾಗಕ್ಕೆ ಏನೂ ಆಗಲ್ಲ. ಆನ್ ಮಾಡಿದಾಗ ಯಾವ ಸಿಸ್ಟಂ ಬೇಕು ಅಂತ ಅದೇ ಕೇಳುತ್ತೆ. ಹತ್ತು ಸೆಕೆಂಡಲ್ಲಿ ಹೇಳಬೇಕು.”

“ಹೇಳದಿದ್ರೆ?”

“ತನಗೆ ಸರಿ ಕಂಡದ್ದು ಮಾಡುತ್ತೆ.”

“ಥೇಟ್ ನಿಮ್ಮ ಹಾಗೇ. ಪಾಪ, ಅದು ಹತ್ತು ಸೆಕೆಂಡಾದ್ರೂ ಕಾಯುತ್ತೆ.”

ಫೋನಿನಲ್ಲಿ

ಶನಿವಾರ ಬೆಳಿಗ್ಗೆ ಡಿಸ್ಕ್ ಭಾಗ ಮಾಡುವ ಬಗೆ ಕೇಳಲು ಸಹೋದ್ಯೋಗಿಯೊಬ್ಬರಿಗೆ ಫೋನ್ ಹಚ್ಚಿದೆ. ಹೊರಗೆ ಜಗಲಿಯಲ್ಲಿ ಕುಂಸಿಯಿಂದ ಬಂದಿದ್ದ ನನ್ನ ಸೋದರಮಾವ ಕಾಫಿ ಕುಡಿಯುತ್ತಿದ್ದರು. ಸುತ್ತಿನ ಊರುಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಪಂಚಾಯ್ತಿಗೆ ಅವರೇ ಆಗಬೇಕು. ಅಣ್ಣನಿಗೂ ನನಗೂ ತಂದೆಯಿಂದ ಬಂದದ್ದು ಒಂದೇ ಎಕರೆ ಜಮೀನು, ಅಂದರೆ ನಲವತ್ತು ಗುಂಟೆ. ಇನ್ನೂ ಒಟ್ಟಿಗೇ ಇತ್ತು. ಲ್ಯಾಪ್‌ಟಾಪಿನ ಡಿಸ್ಕೂ ನಲವತ್ತು ಜಿ.ಬಿ.

ಮಾವನ ಕಿವಿಗೆ ಬಿದ್ದದ್ದು ನನ್ನ ಮಾತು ಮಾತ್ರ:

“ಪಾರ್ಟಿಷನ್ ಮಾಡೇಬಿಡ್ತೀನಿ... ಒಟ್ಟು ನಲವತ್ತು. ಇಪ್ಪತ್ತು ಆ ಕಡೆ, ಇಪ್ಪತ್ತು ಈ ಕಡೆ... ಇಲ್ಲ ಮಾರಾಯ, ಮದುವೆ ಮುಗಿಯೋವರೆಗೆ ಕಾಯೋಕಾಗಲ್ಲ, ಇವತ್ತೇ ಆಗ್ಬೇಕು.”

ಫೋನಿಟ್ಟು ಹೊರಗೆ ಬಂದರೆ ಲೋಟದಲ್ಲಿ ಅರ್ಧ ಕಾಫಿ ಇತ್ತು. ಮಾವ ಭದ್ರಾವತಿ ಬಸ್ಸಿನಲ್ಲಿದ್ದರು.

ಪಂಚಾಯ್ತಿ

ಸಂಜೆಯ ಹೊತ್ತಿಗೆ ಲಿನಕ್ಸ್ ಹಾಕಿ ಮುಗಿಸಿದ್ದೆ. ಬಾಗಿಲಲ್ಲಿ ಅಣ್ಣ, ಅವನ ಹಿಂದೆ ಮಾವ.

“ಬೀಗರಿಗೆ ಗೊತ್ತಾದ್ರೆ ಏನಂದ್ಕೋತಾರೋ?” ಅಣ್ಣ ಚಪ್ಪಲಿಯನ್ನೂ ಬಿಡದೆ ಕೇಳಿದ. “ಹುಡುಗಿ ಧಾರೆ ಆಗೋವರೆಗಾದ್ರೂ ತಡೀಬಾರ್ದಿತ್ತಾ? ಪಾರ್ಟಿಷನ್ ಮಾಡ್ತೀಯಂತೆ!”

“ಮಾಡಿ ಆಯ್ತು. ಒಳಗಿದೆ, ಬಾ, ತೋರಿಸ್ತೀನಿ.”

ತೋರಿಸಿದೆ. ಪರದೆಯ ಮೇಲೆ ಎರಡು ಸಿಸ್ಟಮ್ಮುಗಳ ಹೆಸರು ಒಂದರ ಕೆಳಗೊಂದು ನಿಂತಿದ್ದವು. ವಿವರಿಸಿದ ಮೇಲೆ ಅಣ್ಣ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದ. ಮಾವನಿಗೆ ಮಾತ್ರ ಬಂದ ಕೆಲಸ ಕೈತಪ್ಪಿದ ಬೇಸರ.

“ಆ ಮದುವೆ ಪಟ್ಟಿ ಸರಿಯಾಗಿದೆಯೋ ಇಲ್ವೋ, ತೆಗೆಯಮ್ಮ,” ಎಂದರು.

ಹೆಂಡತಿ ತೆರೆದಳು. ಆರುನೂರೂ ಇದ್ದವು. ಮಾವ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

“ನನ್ನ ಹೆಸರೆಲ್ಲಿ?”

ಅಣ್ಣನ ನಗು ನಿಂತಿತು. ಊರವರನ್ನೆಲ್ಲ ನೆನಪಿಟ್ಟು ಬರೆಸಿದವನು ಸ್ವಂತ ಸೋದರಮಾವನನ್ನೇ ಮರೆತಿದ್ದ. ಇವರು ಮುನಿಸಿಕೊಂಡು ಮದುವೆಗೆ ಬರದಿದ್ದರೆ ಬೀಗರ ಮುಂದೆ ಮುಖ ಎತ್ತುವ ಹಾಗಿರಲಿಲ್ಲ.

ನನ್ನ ಹೆಂಡತಿ ರೆಪ್ಪೆ ಮಿಟುಕಿಸದೆ, “ಇತ್ತು ಮಾವ. ಇವರು ಪಾರ್ಟಿಷನ್ ಮಾಡುವಾಗ ಹೋಗಿದೆ,” ಎಂದಳು.

ಮಾವ ನನ್ನ ಕಡೆ ತಿರುಗಿದರು. “ನೀನು ಸುಳ್ಳು ಹೇಳೋನಲ್ಲ. ಹೌದೇನೋ?”

ಡಿಸ್ಕ್ ಭಾಗ ಮಾಡಿದರೆ ಪಟ್ಟಿಯ ನಡುವಿನಿಂದ ಸೋದರಮಾವ ಒಬ್ಬರೇ ಮಾಯವಾಗುವುದು ಸಾಧ್ಯವಿಲ್ಲ. ಅದು ನನ್ನಷ್ಟು ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣನ ಮುಖ ನೋಡಿದೆ.

“ಹೌದು ಮಾವ.”

ಮಾವ ಕನ್ನಡಕ ತೆಗೆದು ನನ್ನ ಬೆನ್ನು ತಟ್ಟಿದರು.

“ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ. ನಲವತ್ತು ವರ್ಷದಿಂದ ಮಾಡಿಸ್ತಿದೀನಿ, ಒಬ್ಬನಿಗಾದ್ರೂ ಅನ್ಯಾಯ ಆಗದ ಪಾರ್ಟಿಷನ್ ನಾನೂ ನೋಡಿಲ್ಲ.”