ಕಂಬಕ್ಕೆ ಕಿವಿಗೊಟ್ಟ ಭಾವ

ನಮ್ಮ ಭಾವ ಕಂಬದೊಂದಿಗೆ ಮಾತನಾಡುತ್ತಾರೆ. ಅದಕ್ಕಿಂತ ದೊಡ್ಡ ತಾಪತ್ರಯವೆಂದರೆ, ಕಂಬ ಉತ್ತರ ಕೊಡುತ್ತದೆ!

ವೇಳೆಗೆ ಏಳು, ವೇಳೆಗೆ ಉಣ್ಣು, ಕಂಡದ್ದನ್ನಷ್ಟೇ ನಂಬು ಎಂಬ ಶಿಸ್ತಿನಲ್ಲಿ ಬೆಳೆದವಳು ನಾನು. ಹೊಸಪೇಟೆಯ ಅಕ್ಕನ ಮನೆಗೆ ಒಂದು ಮಧ್ಯಾಹ್ನ ಹೋದರೆ, ಪಡಸಾಲೆಯ ದುಂಡು ಕಾಂಕ್ರೀಟ್ ಕಂಬವನ್ನು ತಬ್ಬಿ, ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದಾರೆ ಭಾವ. ಕೂಗಿದೆ. ಓಗೊಡಲಿಲ್ಲ; ಕಿವಿ ಮಂದ. ಬೀದಿಯಲ್ಲಿ ಬಿಸಿಲಿಗೆ ನಾಯಿಯ ಸುಳಿವೂ ಇರಲಿಲ್ಲ. ಆ ಮೌನದಲ್ಲಿ ಕಂಬದೊಳಗಿನಿಂದ ಸದ್ದು ಬಂತು. ಟಕ್. ಟಕ್. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಭಾವ ಬೆರಳ ಗೆಣ್ಣಿನಿಂದ ಹಾಗೇ ತಿರುಗಿ ಬಡಿದು, "ಬಂದೆ" ಎಂದು ಮಹಡಿ ಹತ್ತಿದರು.

ಮಹಡಿಗೊಂದು ಬಾಲ್ಕನಿ ಕೂಡಿಸಲು ವಡ್ಡು ಎಂಬ ಹಳ್ಳಿಯಿಂದ ಬಂದಿದ್ದ ವೆಲ್ಡರನಿಗೂ ಆ ಸದ್ದು ಕೇಳಿತಂತೆ. ಉಕ್ಕಿನ ಪಟ್ಟಿಯ ಎರಡು ಅರ್ಧಬಳೆಗಳನ್ನು ಕಂಬಕ್ಕೆ ತೊಡಿಸಿ, ಬೋಲ್ಟ್ ಬಿಗಿದು, ಅದರ ಮೇಲೆ ತೊಲೆ ಕೂರಿಸುವುದು ಅವನ ಕೆಲಸ. ಏಣಿ ಇಳಿದು ಭಾವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದ:

"ಸರ, ಈ ಕಂಬದಾಗ ಯಾರದಾರ?"

"ನಮ್ಮ ಮನಿಯಾಕಿ ಅದಾಳ," ಅಂದರು ಭಾವ, ನಗದೆ.

ಪಾಪ, ಅವನು ಮರುದಿನ ಬರಲೇ ಇಲ್ಲ! ನಾನೇ ಫೋನ್ ಮಾಡಿ ವಿಷಯ ತಿಳಿಸಬೇಕಾಯಿತು. ಅಕ್ಕನಿಗೆ ಲಕ್ವ ಹೊಡೆದು ಮಾತು ನಿಂತಿದೆ. ಮಹಡಿಯಲ್ಲಿ ಅವಳ ಮಂಚ ಅದೇ ಕಂಬಕ್ಕೆ ಆತುಕೊಂಡಿದೆ. ಏನಾದರೂ ಬೇಕಾದರೆ ಚಮಚೆಯಿಂದ ಕಂಬಕ್ಕೆ ಬಡಿಯುತ್ತಾಳೆ. ಮಂಚ ಹೊರಗೆ ತಂದು ಅವಳಿಗೆ ಗುಡ್ಡ, ಕಾಲುವೆ ತೋರಿಸಬೇಕೆಂದೇ ಈ ಬಾಲ್ಕನಿ.

ವೆಲ್ಡರ್ ಧೈರ್ಯ ಮಾಡಿ ಬಂದ. ಈಗ ಭಾವನಿಗೆ ಭಯ! ಪಟ್ಟಿ ಬಿಗಿದರೆ ಸದ್ದು ನಡುವೆಯೇ ನಿಂತುಹೋದರೆ?

ಅಕ್ಕನ ಮಂಚದ ಬಳಿ ಬಾರಿಸಲು ಒಂದು ಗಂಟೆ ತಂದಿಡಿ ಎಂದು ಕೂಗಿ ಹೇಳಿದೆ.

"ಗಂಟಿ ನಿನಗ ಕೇಳತೈತಿ. ನನಗ?" ಅಂದರು. "ಹಂಪಿ ಕಂಬ ಹಾಡಿದ್ರ ಮೆಚ್ಚಿ ತಲಿದೂಗ್ತೀರಿ. ನಮ್ಮ ಕಂಬ ಕರದ್ರ ನನಗ ಹುಚ್ಚ ಅಂತೀರಿ."

ಬಿಗಿದು ನೋಡೋಣ, ಕೇಳದಿದ್ದರೆ ಬಿಚ್ಚಿದರಾಯಿತು ಎಂದು ವೆಲ್ಡರನೇ ಒಪ್ಪಿಸಿದ.

ಆ ಕಂಬಕ್ಕೇ ಮೊದಲು ಪಟ್ಟಿ ಬಿಗಿದಾಯಿತು. ಭಾವ ಕೆಳಗೆ ನಿಂತು ಬಡಿದರು, ಕಿವಿ ಒತ್ತಿದರು. ಉತ್ತರವಿಲ್ಲ. ಮತ್ತೆ ಬಡಿದರು. ವೆಲ್ಡರ್ ಸ್ಪ್ಯಾನರ್ ಕೆಳಗಿಟ್ಟ. ಭಾವನ ಮುಖ ಸುಣ್ಣವಾಯಿತು. ಸದ್ದು ಸತ್ತಿದೆಯೋ, ಅಥವಾ... ಮುಂದಿನದನ್ನು ಯೋಚಿಸಲಾರದೆ ನಾನು ಮಹಡಿಗೆ ಓಡಿದೆ.

ಅಕ್ಕ ಎಚ್ಚರವಾಗಿಯೇ ಇದ್ದಳು. ಕೆನ್ನೆ ಕಂಬಕ್ಕೆ ಆನಿಸಿದ್ದಳು, ಕಣ್ಣು ಅರೆಮುಚ್ಚಿತ್ತು. ಚಮಚೆ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕಂಬದೊಳಗೆ ಕೆಳಗಿನಿಂದ ಭಾವನ ಟಕ್ ಟಕ್ ಬರುತ್ತಲೇ ಇತ್ತು. ಏದುಸಿರು ಬಿಡುತ್ತಾ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆರಳನ್ನು ತುಟಿಗಿಟ್ಟು ಸನ್ನೆ ಮಾಡಿದಳು. ಸುಮ್ಮನಿರು, ಅವರು ಮಾತಾಡುತ್ತಿದ್ದಾರೆ.