ಬಟಂಬುಜೆ ವಕೀಲರ ಜಾಲಪ್ರವೇಶ

ಎದುರು ಬಾಗಿಲಿನ ಕಿರುಂಡಾ ವಕೀಲನಿಗೆ ಜಾಲತಾಣದಲ್ಲಿ ನಾಲ್ಕು ಸಾವಿರ ಹಿಂಬಾಲಕರಿದ್ದಾರೆ ಎಂಬ ಸುದ್ದಿಯನ್ನು ಬಟಂಬುಜೆ ವಕೀಲರ ಕಿವಿಗೆ ಹಾಕಿದವಳು ಅವರದೇ ಟೈಪಿಸ್ಟ್ ಮುತೇಸಿ. ಕುಡಿಯುತ್ತಿದ್ದ ಚಹಾ ಅವರಿಗೆ ಅಲ್ಲೇ ಕಹಿಯಾಯಿತು.

"ನಾಲ್ಕು ಸಾವಿರಾನಾ? ಅವನಿಗಾ? ನನಗಿಂತ ಹನ್ನೆರಡು ವರ್ಷ ಚಿಕ್ಕವನು ಕಣೇ! ಮೊನ್ನೆ ಮೊನ್ನೆ ಕರಿ ಗೌನು ಹಾಕ್ಕೊಂಡೋನು!"

ಬೇರೆ ದಿನವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರೇನೋ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ಮೀನುಗಾರರ ಸಹಕಾರ ಸಂಘದ ಅಧ್ಯಕ್ಷೆ ನಾಂಗೋಬಿ ಬರುವವರಿದ್ದರು. ಸರೋವರದ ದಂಡೆಯ ಜಿಂಜಾ ಪಟ್ಟಣದಲ್ಲಿ ಆ ಸಂಘಕ್ಕೆ ಕಾಯಂ ವಕೀಲರಾದವರು ಆಮೇಲೆ ಕಾಲು ಚಾಚಿ ಕೂತರೂ ಆಯಿತು. ಆಕೆಯ ಪಟ್ಟಿಯಲ್ಲಿ ಇದ್ದದ್ದು ಇವರಿಬ್ಬರೇ, ಬೇಕಾದದ್ದು ಒಬ್ಬರು.

"ನನ್ನನ್ನೂ ಅದಕ್ಕೆ ಸೇರಿಸು. ಈಗಲೇ!"

ಮುತೇಸಿ ಫೋನು ಹಿಡಿದು ಕೂತಳು. "ಸಾರ್, ನೀವು ಯಾರದಾದ್ರೂ ಪುಟ ನೋಡಿದ್ರೆ ಅವ್ರಿಗೆ ನಿಮ್ಮ ಹೆಸರು ತೋರಿಸ್ಬೇಕಾ, ಮರೆಮಾಡ್ಬೇಕಾ ಅಂತ ಕೇಳ್ತಿದೆ."

"ಮರೆಮಾಡೋಕೆ ನಾನೇನು ಕೋಳಿ ಕದ್ದವನಾ? ತೋರ್ಸು! ಪದವಿ ಸಮೇತ ತೋರ್ಸು!"

ಫೋಟೋ ಬೇಕಾಯಿತು. ಕೋಣೆಯಲ್ಲಿ ಬೆಳಕು ಸಾಲದೆಂದು ಗೌನು ತೊಟ್ಟು ಪಡಸಾಲೆಗೆ ಬಂದು ಎದೆ ಸೆಟೆಸಿ ನಿಂತರು. ಫೋಟೋ ಹಾಕಿ ಐದು ನಿಮಿಷ ಆಗಿರಲಿಲ್ಲ, ಯಾರೋ ಬರೆದರು: "ಕಿರುಂಡಾ ಸಾಹೇಬ್ರ ಹೊಸ ಸಹಾಯಕರಾ? ಈ ವಯಸ್ಸಲ್ಲೂ ದುಡೀತೀರಲ್ಲ, ಮೆಚ್ಚಬೇಕು ಅಜ್ಜಾ."

ನೋಡಿದರೆ ಅವರ ನೆತ್ತಿಯ ಮೇಲೆ ಕಿರುಂಡಾನ ಹಿತ್ತಾಳೆ ಬೋರ್ಡು ಫಳಫಳ ಹೊಳೆಯುತ್ತಿತ್ತು.

"ತೆಗಿ ಅದನ್ನ!"

"ತೆಗೀಬಹುದು ಸಾರ್. ಆದ್ರೆ ಬಂದಿರೋ ನಾಲ್ಕು ಲೈಕೂ ಅದರ ಜೊತೆ ಹೋಗ್ತವೆ."

ನಾಲ್ಕು ಲೈಕು ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಫೋಟೋ ಹಾಗೇ ಉಳಿಯಿತು.

ಆಮೇಲೆ ಬಹಳ ಯೋಚಿಸಿ "ಆಸ್ತಿ ಜಗಳಗಳನ್ನು ಶೀಘ್ರವಾಗಿ ಇತ್ಯರ್ಥಪಡಿಸುವುದೇ ನನ್ನ ಧ್ಯೇಯ" ಎಂದು ಬರೆದರು. ಅದರ ಕೆಳಗೆ ಊರಿನಿಂದ ಅವರ ಸೋದರತ್ತೆ ಬರೆದಳು: "ಏನಪ್ಪಾ ದೊಡ್ಡ ಮನುಷ್ಯ, ನನ್ನ ಬಾಳೆತೋಟದ ಬೇಲಿ ಕೇಸು ನಿನ್ನ ಹತ್ರ ಬಿದ್ದು ಏಳು ವರ್ಷ ಆಯ್ತು. ಯಾಕೋ ಸೊರಗಿದೀಯ, ಹೊತ್ತಿಗೆ ಸರಿಯಾಗಿ ಊಟ ಮಾಡು." ಅತ್ತೆಯ ಮಾತಿಗೆ ತೊಂಬತ್ತು ಲೈಕು ಬಂದವು. ಬಟಂಬುಜೆಯವರ ಧ್ಯೇಯಕ್ಕೆ ಬಂದದ್ದು ಒಂದು, ಅದೂ ಮುತೇಸಿಯದು.

ಕಿರುಂಡಾ ಏನು ಬರೆದಿದ್ದಾನೋ ಎಂದು ಅವನ ಪುಟ ತೆರೆದರು. ಸರೋವರದ ಚಿತ್ರ, ಕೆಳಗೆ "ಶುಭೋದಯ" ಅಂತ ಒಂದೇ ಪದ. ಮುನ್ನೂರು ಲೈಕು!

"ಬರೀ ಶುಭೋದಯಕ್ಕೆ ಮುನ್ನೂರಾ! ಸೂರ್ಯನನ್ನ ಇವನೇ ಹೊತ್ತು ತಂದನಾ?"

ಅಷ್ಟರಲ್ಲಿ ಎದುರು ಕೋಣೆಯಿಂದ ಕಿರುಂಡಾನ ಫೋನು 'ಟಿಣ್' ಎಂದಿತು. ಹೊಸ ಕಕ್ಷಿದಾರ ಸಿಕ್ಕನೇನೋ ಎಂದು ಇವರ ಹೊಟ್ಟೆ ಉರಿಯಿತು. ನೋಡೋಣವೆಂದು ಮತ್ತೆ ಅವನ ಪುಟ ತೆರೆದರು. ಮತ್ತೆ 'ಟಿಣ್'. ಇನ್ನೊಬ್ಬ ಸಿಕ್ಕನೇ? ಮತ್ತೆ ತೆರೆದರು. ಮಧ್ಯಾಹ್ನ ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಲೂ ತೆರೆದರು. ಅದರ ಎಣ್ಣೆ ಗೌನಿನ ಮೇಲೆ ಸುರಿದದ್ದೂ ತಿಳಿಯಲಿಲ್ಲ. ಮೇಜಿನ ಮೇಲಿನ ಕಡತಗಳು ಕಟ್ಟಿದ ಹಾಗೇ ಇದ್ದವು.

ನಾಲ್ಕೂಕಾಲಿಗೆ ನಾಂಗೋಬಿ ಬಂದರು. ಪಾದ ಮುಟ್ಟುವ ಗೋಮೆಸಿ ನಿಲುವಂಗಿಯ ಸೊಂಟಪಟ್ಟಿ ಸರಿಮಾಡಿಕೊಂಡು ಕುರ್ಚಿ ತುಂಬ ಕೂತರು.

"ವಕೀಲ್ರೇ, ಸುತ್ತಿ ಬಳಸಿ ಮಾತಾಡೋಳಲ್ಲ ನಾನು. ಆ ಕಿರುಂಡಾ ಹೊತ್ತು ಮೂರೂ ಫೋನಲ್ಲೇ ಇರ್ತಾನೆ ಅಂತ ನಮ್ಮೋರಿಗೆ ಅನುಮಾನ. ನಮಗೆ ಕಡತ ಓದೋರು ಬೇಕು. ನೀವು ಆ ಜಾಲಗೀಲದಲ್ಲಿ ಎಲ್ಲೂ ಇಲ್ಲ ಅಂತ ಕೇಳಿ, ನೀವೇ ಸರಿ ಅಂತ ಮಾತಾಡ್ಕೊಂಡಿದ್ವಿ."

ಬಟಂಬುಜೆಯವರು ಫೋನನ್ನು ಮೆಲ್ಲಗೆ ಕಡತದ ಅಡಿಗೆ ತಳ್ಳಿದರು. "ಫೋನಾ? ಅಯ್ಯೋ, ನನಗೆಲ್ಲಿ ಪುರಸೊತ್ತು ಅಮ್ಮಾ!"

"ಸ್ವಲ್ಪ ತಾಳಿ. ನೀನು ಬೇಡಪ್ಪಾ ಅಂತ ಅವನಿಗೆ ಮುಖಕ್ಕೇ ಹೇಳೋಣ ಅಂತ ಮೊದಲು ಅಲ್ಲಿಗೇ ಹೋದೆ. ಅವನು ಫೋನು ನನ್ನ ಕೈಗೇ ಕೊಟ್ಟ. 'ಅಮ್ಮಾ, ಬೆಳಿಗ್ಗೆ ಒಂದು ಶುಭೋದಯ ಹಾಕಿ ಕೆಲಸಕ್ಕೆ ಕೂತವನು ನಾನು. ಅದನ್ನ ಯಾರು ಎಷ್ಟು ಸಲ ನೋಡಿದಾರೆ, ನೀವೇ ಓದಿ' ಅಂದ. ಓದಿದೆ. ಬಟಂಬುಜೆ, ಹಿರಿಯ ವಕೀಲರು, ಕಾನೂನು ಪದವೀಧರರು. ಅರವತ್ತೊಂದು ಸಲ!"

ಬಟಂಬುಜೆಯವರು ಫೋನಿನ ಮೇಲಿದ್ದ ಕಡತವನ್ನು ಇನ್ನಷ್ಟು ಒತ್ತಿ ಹಿಡಿದರು.

"ಅವನು ಒಂದು ಸಲ ಹಾಕಿದ್ದನ್ನ ನೀವು ಅರವತ್ತೊಂದು ಸಲ ನೋಡಿದೀರಿ. ಕೆಲಸ ಇಲ್ಲದೋರು ಯಾರು, ನೀವೇ ಹೇಳಿ ಸ್ವಾಮಿ." ಆಕೆ ಎದ್ದು ಎದುರು ಕೋಣೆಗೇ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ನಗು, ಚಪ್ಪಾಳೆ ಕೇಳಿಸಿತು. ಮುತೇಸಿ ಬಾಗಿಲಲ್ಲಿ ಇಣುಕಿದಳು. "ಸಾರ್, ಸಂಘದ ಕಾಗದಕ್ಕೆ ಸಹಿ ಹಾಕೋ ಫೋಟೋ ಹಾಕಿದಾರೆ ಅವ್ರು."

"ಹಾಕ್ಕೊಳ್ಳಲಿ! ನನಗೇನು? ನಾನಿನ್ನು ಆ ದರಿದ್ರವನ್ನ ಮುಟ್ಟಿದ್ರೆ ಕೇಳು!" ಎಂದು ಗುಡುಗಿ, ಬಟಂಬುಜೆಯವರು ಅತ್ತೆಯ ಬೇಲಿ ಕಡತ ಬಿಚ್ಚಿದರು. ಒಂದು ಸಾಲು ಓದಿದರು. ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಎಷ್ಟು ಲೈಕು ಬಂದಿರಬಹುದು? ಬರೀ ಒಂದು ಸಲ ನೋಡಿದರೆ ಯಾರಿಗೆ ಏನು ನಷ್ಟ? ಕಡತದ ಅಡಿಯಿಂದ ಫೋನು ಎಳೆದು ಮೆಲ್ಲಗೆ ಒತ್ತಿದರು.

'ಟಿಣ್!'

"ಅರವತ್ತೆರಡು, ಬಟಂಬುಜೆಯಣ್ಣಾ!" ಎಂದು ಎದುರು ಕೋಣೆಯಿಂದ ಕಿರುಂಡಾ ಕೂಗಿದ.